ಹುಳು ಹುಪ್ಪಟೆಯ ಋಣ

ಈ ಸಲದ ವಿಜ್ಞಾನ ಅಂಕಣಕ್ಕೆ ನಾವು ಆರಿಸಿಕೊಂಡ ವಿಷಯ ಹುಳುಗಳು. "ಅಯ್ಯೋ, ಅದರಲ್ಲಿ ಬರೆಯೋಕೆ ಏನಿದೆ?" ಅನ್ನಬೇಡಿ. ಪೂರ್ತಿ ಓದಿ, ಆಮೇಲೆ ಹೇಳಿ.

ನಮ್ಮ ಕಡೆ ಹರಿದಾಡುವ ಸಣ್ಣ ಜೀವಿಗಳಿಗೆಲ್ಲ ಒಂದೇ ಹೆಸರು, ಹುಳ. ಅಕ್ಕಿಯಲ್ಲಿ ಹುಳ, ಬದನೆಕಾಯಿಯಲ್ಲಿ ಹುಳ, ದೀಪಕ್ಕೆ ಬೀಳೋದೂ ಹುಳ. ಹಾವು ಕಚ್ಚಿದರೂ "ಹುಳ ಮುಟ್ಟಿತು" ಅನ್ನುತ್ತಾರೆ. ಹೆಸರು ಒಂದೇ ಆದ್ದರಿಂದ ಶಿಕ್ಷೆಯೂ ಒಂದೇ. ಮನೆಯಲ್ಲಿ ಕಂಡರೆ ಚಪ್ಪಲಿ ಏಟು, ಹೊಲದಲ್ಲಿ ಕಂಡರೆ ಔಷಧಿ. ಆದರೆ ಇವುಗಳಲ್ಲಿ ನಮಗೆ ತೊಂದರೆ ಕೊಡುವವು ಕೆಲವು ಮಾತ್ರ. ಉಳಿದವು ದಿನವೂ ನಮ್ಮ ಕೆಲಸ ಮಾಡಿಕೊಡುತ್ತಿವೆ. ಅವು ಕೂಲಿ ಕೇಳುವುದಿಲ್ಲ, ಅದಕ್ಕೇ ನಮ್ಮ ಲೆಕ್ಕಕ್ಕೆ ಬಂದಿಲ್ಲ. ಆ ಲೆಕ್ಕವನ್ನು ಆದಷ್ಟೂ ನಮ್ಮ ಕೆಂಗೇರಿ ಸುತ್ತಮುತ್ತಲಿನ ಉದಾಹರಣೆಗಳಿಂದಲೇ ಇಲ್ಲಿ ಬರೆದಿದ್ದೇವೆ.

ಮೊದಲು ಕಾಲು ಎಣಿಸಿ

ಕಾಲಿನಲ್ಲಿ ಕೀಲುಗಳಿರುವ, ಮೈಮೇಲೆ ಕವಚ ಇರುವ ಈ ಜೀವಿಗಳನ್ನು ವಿಜ್ಞಾನದಲ್ಲಿ ಸಂಧಿಪದಿಗಳು ಎಂದು ಕರೆಯುತ್ತಾರೆ. ಸಂಧಿ ಅಂದರೆ ಕೀಲು, ಪದ ಅಂದರೆ ಕಾಲು. ಇವುಗಳಿಗೆ ನಮ್ಮ ಹಾಗೆ ಮೈಯೊಳಗೆ ಮೂಳೆ ಇಲ್ಲ. ಹೊರಗಿನ ಕವಚವೇ ಆಧಾರ. ಮೈ ಬೆಳೆದಾಗ ಕವಚ ಬಿಗಿಯಾಗುತ್ತೆ. ಆಗ ಹಳೆಯದನ್ನು ಕಳಚಿ ಹೊಸದನ್ನು ಪಡೆಯುತ್ತವೆ. ಪೊರೆ ಬಿಡೋದು ಅಂದರೆ ಇದೇ. ಇವುಗಳನ್ನು ಗುರುತಿಸಲು ಸುಲಭ ಉಪಾಯ ಕಾಲು ಎಣಿಸುವುದು.

1. 6 ಕಾಲು ಇದ್ದರೆ ಕೀಟ. ಇರುವೆ, ಜೇನು, ಚಿಟ್ಟೆ, ನೊಣ, ಸೊಳ್ಳೆ, ಗೆದ್ದಲು, ಮಿಡತೆ.
2. 8 ಕಾಲು ಇದ್ದರೆ ಜೇಡ, ಚೇಳು, ದನದ ಮೈಮೇಲಿನ ಉಣ್ಣಿ.
3. 10 ಕಾಲು ಇದ್ದರೆ ಏಡಿ, ಸೀಗಡಿ.
4. ತುಂಬಾ ಕಾಲು ಇದ್ದರೆ ಜರಿ ಅಥವಾ ಸಹಸ್ರಪದಿ. ಜರಿಗೆ ಮೈಯ ಒಂದೊಂದು ಗಂಟಿಗೆ ಒಂದು ಜೊತೆ ಕಾಲು, ಸಹಸ್ರಪದಿಗೆ ಹೆಚ್ಚಿನ ಗಂಟುಗಳಲ್ಲಿ ಎರಡು ಜೊತೆ.

ಎರೆಹುಳು, ಬಸವನಹುಳುಗಳಿಗೆ ಹೆಸರಿನಲ್ಲಿ ಹುಳು ಇದ್ದರೂ ಕಾಲೇ ಇಲ್ಲ. ಅವು ಸಂಧಿಪದಿಗಳಲ್ಲ. ಇದು ಪರೀಕ್ಷೆಗೂ ಉಪಯೋಗಕ್ಕೆ ಬರುತ್ತೆ.

ವಿಜ್ಞಾನಿಗಳು ಇದುವರೆಗೆ ಹೆಸರಿಟ್ಟಿರುವ ಕೀಟಗಳೇ 10 ಲಕ್ಷ ಜಾತಿಗೂ ಹೆಚ್ಚು. ಭೂಮಿಯ ಮೇಲೆ ನಮಗೆ ಗೊತ್ತಿರುವ ಪ್ರಾಣಿ ಜಾತಿಗಳಲ್ಲಿ ಹತ್ತಕ್ಕೆ ಎಂಟು ಸಂಧಿಪದಿಗಳೇ. ಅಂದರೆ ಈ ಭೂಮಿ ಹೆಚ್ಚಾಗಿ ಅವುಗಳದ್ದೇ.

ಮುದ್ದೆ ಉಳಿಯುತ್ತೆ, ಸಾರು ಹೋಗುತ್ತೆ

ಹುಳು ಇಲ್ಲದಿದ್ದರೆ ಊಟವೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಪೂರ್ತಿ ನಿಜ ಅಲ್ಲ. ರಾಗಿ, ಭತ್ತ, ಗೋಧಿ, ಜೋಳ ಕಾಳುಕಟ್ಟಲು ಜೇನು ಬೇಕಾಗಿಲ್ಲ. ಗಾಳಿ ಸಾಕು, ಇಲ್ಲವೇ ತಮ್ಮ ಹೂವಿನ ಪರಾಗವೇ ಸಾಕು. ಆದ್ದರಿಂದ ಮುದ್ದೆ ಉಳಿಯುತ್ತೆ. ಆದರೆ ಸಾರಿನ ಕಡೆ ನೋಡಿ. ಕುಂಬಳ, ಹೀರೆ, ಹಾಗಲ, ಸೌತೆ ಇವೆಲ್ಲ ಹುಳುಗಳಿಂದ ಕಾಯಾಗುವ ಬಳ್ಳಿಗಳು. ಸಾರಿನ ಪುಡಿಗೆ ಹಾಕುವ ಕೊತ್ತಂಬರಿ ಬೀಜಕ್ಕೂ, ಸೂರ್ಯಕಾಂತಿ ಎಣ್ಣೆಗೂ ಹುಳುಗಳ ನೆರವು ಬೇಕು. ಮಾವಿನ ಹೂವಿಗೆ ಜೇನಿಗಿಂತ ನೊಣಗಳೇ ಹೆಚ್ಚು ಬರುತ್ತವೆ. ನಾವು ಓಡಿಸುವ ನೊಣದ ಬಳಗವೇ ಮಾವು ಕಚ್ಚಲು ಸಹಾಯ ಮಾಡುತ್ತೆ!

2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಗತ್ತಿನ ಮುಖ್ಯವಾದ 115 ಆಹಾರ ಬೆಳೆಗಳನ್ನು ಪರಿಶೀಲಿಸಿದ್ದರು. ಅದರಲ್ಲಿ 87 ಬೆಳೆಗಳಿಗೆ ಪರಾಗ ಸಾಗಿಸುವ ಪ್ರಾಣಿಗಳಿಂದ ಲಾಭ ಇದೆ ಎಂದು ತಿಳಿಯಿತು. ಆ ಪ್ರಾಣಿಗಳಲ್ಲಿ ಹೆಚ್ಚಿನವು ಕೀಟಗಳು.

ನಮ್ಮ ಕಡೆ ಜೇನು ನಾಲ್ಕು ಬಗೆ. ಎತ್ತರದ ಮರ, ನೀರಿನ ಟ್ಯಾಂಕುಗಳಲ್ಲಿ ದೊಡ್ಡ ತಟ್ಟಿ ಕಟ್ಟುವುದು ಹೆಜ್ಜೇನು. ಪೊಟರೆಯಲ್ಲಿ ಇರುವುದು, ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ. ಪೊದೆಯ ಕಡ್ಡಿಗೆ ಅಂಗೈಯಗಲ ಗೂಡು ಕಟ್ಟುವುದು ಕೋಲುಜೇನು. ಗೋಡೆಯ ಸಂದಿನಲ್ಲಿರುವ, ಕುಟುಕದ, ಪುಟಾಣಿ ಜೇನು ಮುಜಂಟಿ. ಇವಲ್ಲದೆ ಬದನೆ ಹೂವಿಗೆ ಬರುವ ದೊಡ್ಡ ಕಪ್ಪು ದುಂಬಿಯನ್ನೂ ಗಮನಿಸಿ. ಅದು ಹೂವನ್ನು ಹಿಡಿದುಕೊಂಡು ಜೋರಾಗಿ ಗುಂಯ್ ಅನ್ನುತ್ತೆ. ಆ ಅದುರಿಗೆ ಒಳಗಿನ ಪರಾಗ ಉದುರುತ್ತೆ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿತು. ಕರ್ನಾಟಕದಲ್ಲೂ ಜೇನು ಸಾಕಿದ್ದವರ ಪೆಟ್ಟಿಗೆಗಳು ಒಂದಾದ ಮೇಲೊಂದು ಖಾಲಿಯಾದವು. ಜೇನುತುಪ್ಪ ಹೋಗಿದ್ದು ಎಲ್ಲರಿಗೂ ಕಂಡಿತು. ಹೂವಿಗೆ ಬರಬೇಕಾದವರು ಬರದೇ ಹೋಗಿದ್ದು ಯಾರ ಲೆಕ್ಕದಲ್ಲೂ ಬರೆದಿಲ್ಲ.

ಮಾಡಿ ನೋಡಿ: ಹಿತ್ತಲಲ್ಲಿ ಕುಂಬಳದ ಬಳ್ಳಿ ಇದ್ದರೆ, ನಾಳೆ ಅರಳುವ ಎರಡು ಹೆಣ್ಣು ಮೊಗ್ಗು ಹುಡುಕಿ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತೆ, ಗಂಡು ಹೂವಿಗೆ ಬರೀ ತೊಟ್ಟು. ಒಂದು ಹೆಣ್ಣು ಮೊಗ್ಗಿಗೆ ಸಂಜೆಯೇ ತೆಳು ಬಟ್ಟೆಯ ಚೀಲ ಕಟ್ಟಿ, ಇನ್ನೊಂದನ್ನು ಹಾಗೇ ಬಿಡಿ. ಚೀಲವನ್ನು ಎರಡು ದಿನ ಬಿಟ್ಟು ಬಿಚ್ಚಿ. ಒಂದು ವಾರದ ನಂತರ ಎರಡೂ ಕಾಯಿ ನೋಡಿ, ಏನಾಯಿತು ಅಂತ ನೋಟ್ ಬುಕ್‌ನಲ್ಲಿ ಬರೆದು ತನ್ನಿ.

ದೊಡ್ಡ ಆಲದ ಮರದ ಗುಟ್ಟು

ರಾಮೋಹಳ್ಳಿಯ ಹತ್ತಿರದ ದೊಡ್ಡ ಆಲದ ಮರಕ್ಕೆ ಹೋಗದವರು ನಮ್ಮಲ್ಲಿ ಕಡಿಮೆ. ಸುಮಾರು 3 ಎಕರೆ ಹರಡಿರುವ ಮರ, 400 ವರ್ಷದ್ದು ಅಂತ ಹೇಳುತ್ತಾರೆ. ಬಿಳಲು ಬಿಟ್ಟು, ಬಿಳಲೇ ಕಾಂಡವಾಗಿ ಮರ ಅಗಲವಾಗಿದೆ. ಆದರೆ ಆಲದ ಹೂವನ್ನು ಯಾರಾದರೂ ನೋಡಿದ್ದೀರಾ?

ನೋಡಿರಲ್ಲ. ಏಕೆಂದರೆ ನಾವು ಆಲದ ಹಣ್ಣು ಅನ್ನುವುದು ನಿಜವಾಗಿ ನೂರಾರು ಪುಟ್ಟ ಹೂಗಳನ್ನು ಒಳಗೆ ತುಂಬಿಕೊಂಡಿರುವ ಒಂದು ಚೀಲ. ಅದರ ತುದಿಯಲ್ಲಿ ಸೂಜಿ ಮೊನೆಯಷ್ಟು ತೂತು. ಆ ತೂತಿನಲ್ಲಿ ನುಗ್ಗಲು ಒಂದು ಕಣಜಕ್ಕೆ ಮಾತ್ರ ಸಾಧ್ಯ. ಕಣಜ ಅಂದರೆ ಕುಟುಕುವ ದೊಡ್ಡ ಕಡಜ ಅಲ್ಲ, ಸಾಸಿವೆ ಕಾಳಿನಷ್ಟಿರುವ ಸಣ್ಣ ಕೀಟ. ಹೆಣ್ಣು ಕಣಜ ಬೇರೆ ಮರದಿಂದ ಪರಾಗ ಹೊತ್ತು ಬಂದು ಒಳಗೆ ನುಗ್ಗುತ್ತೆ. ನುಗ್ಗುವಾಗ ರೆಕ್ಕೆಗಳು ಕಿತ್ತುಹೋಗುತ್ತವೆ. ಒಳಗೆ ಪರಾಗ ಹಚ್ಚಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತೆ. ಮರಿಗಳು ಅಲ್ಲೇ ಬೆಳೆಯುತ್ತವೆ. ಗಂಡಿಗೆ ರೆಕ್ಕೆ ಇಲ್ಲ, ಹುಟ್ಟಿದ ಹಣ್ಣಿನಿಂದ ಆಚೆ ಹಾರುವ ಭಾಗ್ಯವೂ ಇಲ್ಲ. ಹೊಸ ಹೆಣ್ಣುಗಳು ಮೈತುಂಬ ಪರಾಗ ಮೆತ್ತಿಕೊಂಡು ಮತ್ತೊಂದು ಆಲದ ಮರ ಹುಡುಕಿ ಹಾರುತ್ತವೆ.

ಈ ಕಣಜಕ್ಕೆ ಆಲವೇ ಬೇಕು. ಅತ್ತಿ, ಅರಳಿ ಮರಗಳಿಗೆ ಅವುಗಳದ್ದೇ ಬೇರೆ ಕಣಜಗಳಿವೆ. ಕಣಜ ಇಲ್ಲದಿದ್ದರೆ ಆಲದಲ್ಲಿ ಮೊಳೆಯುವ ಬೀಜ ಇಲ್ಲ. ಈಗಿರುವ ಮರ ಬಿಳಲು ಬಿಟ್ಟು ಬದುಕಬಹುದು, ಹೊಸ ಆಲದ ಸಸಿ ಹುಟ್ಟುವುದಿಲ್ಲ. ಆಲದ ಹಣ್ಣು ತಿನ್ನುವ ಕೋಗಿಲೆ, ಕುಟ್ರುಹಕ್ಕಿ, ಬಾವಲಿ, ಕೋತಿಗಳಿಗೂ ಹಣ್ಣು ಇಲ್ಲ. 3 ಎಕರೆಯ ಮರದ ವಂಶ ಎರಡು ಮಿಲಿಮೀಟರ್ ಹುಳುವಿನ ಕೈಯಲ್ಲಿದೆ.

ಮೈಸೂರು ರಸ್ತೆಯ ರೇಷ್ಮೆ

ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ರಾಮನಗರ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾಗಿದೆ. ಈ ಕಡೆ ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆಗೆ ಕರ್ನಾಟಕವೇ ಮೊದಲು. ಅಂದರೆ ಸಾವಿರಾರು ಮನೆಗಳ ಸಂಸಾರ ಒಂದು ಹುಳುವಿನಿಂದ ನಡೆಯುತ್ತಿದೆ. ಮಕ್ಕಳ ಫೀಸು, ಅಕ್ಕನ ಮದುವೆ, ಬ್ಯಾಂಕ್ ಸಾಲ ಎಲ್ಲಾ "ಗೂಡು ಮಾರಿದ ಮೇಲೆ" ಅಂತಲೇ ಮಾತು.

ಈ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ಆಗ ಅದು ಸೊಪ್ಪು ತಿನ್ನದೆ ತಲೆ ಎತ್ತಿ ಸುಮ್ಮನಿರುತ್ತೆ. ಅದಕ್ಕೆ ರೈತರು "ಜ್ವರಕ್ಕೆ ಕೂತಿದೆ" ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಬೇಕು. ಆಮೇಲೆ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುತ್ತಾರೆ. ಅದು ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತೆ. ಒಳ್ಳೆಯ ಬಿಳಿ ಗೂಡಿನಲ್ಲಿ ಸುಮಾರು 1000 ಮೀಟರ್ ಉದ್ದದ ಒಂದೇ ಎಳೆ ಇರುತ್ತೆ. ನೂಲು ತೆಗೆಯಲು ಗೂಡನ್ನು ಬಿಸಿ ಮಾಡಿದಾಗ ಒಳಗಿನ ಹುಳು ಸಾಯುತ್ತೆ. ರೇಷ್ಮೆ ಸೀರೆ ಉಡುವಾಗ ಇದೂ ನೆನಪಿರಬೇಕು.

ರೇಷ್ಮೆ ಹುಳುವಿಗೆ ಶತ್ರು ಹುಳುಗಳೂ ಇವೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು. ಇದು ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತೆ. ಅದಕ್ಕೇ ಹುಳು ಸಾಕುವ ಮನೆಯ ಕಿಟಕಿ ಬಾಗಿಲಿಗೆ ಪರದೆ ಹಾಕುತ್ತಾರೆ. ಆಮೇಲೆ ಬಂದಿದ್ದು ಪರಂಗಿ ಹಿಟ್ಟು ತಿಗಣೆ. ಮೆಕ್ಸಿಕೋ ಕಡೆಯ ಈ ಕೀಟ ಭಾರತದಲ್ಲಿ ಮೊದಲು ಕಂಡಿದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಬಿಳಿ ಹಿಟ್ಟು ಚೆಲ್ಲಿದ ಹಾಗೆ ಪರಂಗಿ ಗಿಡಕ್ಕೂ ಹಿಪ್ಪುನೇರಳೆಗೂ ಮುತ್ತಿಕೊಂಡಿತು. ಎಲೆ ಮುದುಡಿತು.

ಇಲ್ಲಿ ರೈತರ ಕಷ್ಟ ಏನು ಅಂತ ಯೋಚಿಸಿ. ಔಷಧಿ ಹೊಡೆದರೆ ಆ ಸೊಪ್ಪನ್ನು ರೇಷ್ಮೆ ಹುಳುವಿಗೆ ಹಾಕುವ ಹಾಗಿಲ್ಲ, ಹಾಕಿದರೆ ರೇಷ್ಮೆ ಹುಳುವೇ ಸಾಯುತ್ತೆ. ಹೊಡೆಯದಿದ್ದರೆ ಸೊಪ್ಪೇ ಇಲ್ಲ. ಆಗ ಬೆಂಗಳೂರಿನಲ್ಲೇ ಇರುವ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪೋರ್ಟೊ ರಿಕೋ ದ್ವೀಪದಿಂದ ಈ ತಿಗಣೆಯ ಶತ್ರುವಾದ ಸಣ್ಣ ಕಣಜಗಳನ್ನು ತರಿಸಿದರು. ಅವುಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಅಸೆರೋಫೇಗಸ್ ಪಪಾಯೆ. ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆ. ಅದು ಹಿಟ್ಟು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತೆ, ಮರಿ ಒಳಗಿಂದಲೇ ತಿಂದು ಬೆಳೆಯುತ್ತೆ. ತಮಿಳುನಾಡು, ಕರ್ನಾಟಕದ ತೋಟಗಳಲ್ಲಿ ಬಿಟ್ಟ ಮೇಲೆ ಕೆಲವೇ ತಿಂಗಳಲ್ಲಿ ತಿಗಣೆಯ ಹಾವಳಿ ಇಳಿಯಿತು. ಔಷಧಿ ಡಬ್ಬ ಮಾಡಲಾಗದ ಕೆಲಸವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಮಾಡಿತು.

ಕಾಂಗ್ರೆಸ್ ಗಿಡ ತಿನ್ನುವ ಜೀರುಂಡೆ

ಖಾಲಿ ಸೈಟು, ರೈಲು ಹಳಿಯ ಪಕ್ಕ, ಎಲ್ಲಿ ನೋಡಿದರೂ ಪಾರ್ಥೇನಿಯಂ. ನಾವು ಕಾಂಗ್ರೆಸ್ ಗಿಡ ಅನ್ನುತ್ತೇವೆ. ಮುಟ್ಟಿದರೆ ಕೆಲವರಿಗೆ ಮೈ ಕಡಿತ, ಪರಾಗ ಮೂಗಿಗೆ ಹೋದರೆ ಸೀನು, ಉಬ್ಬಸ. ಇದು ನಮ್ಮ ದೇಶದ ಗಿಡ ಅಲ್ಲ, ಅಮೆರಿಕ ಖಂಡದ್ದು. ಅಲ್ಲಿ ಇದನ್ನು ತಿನ್ನುವ ಹುಳುಗಳಿದ್ದವು, ಇಲ್ಲಿ ಇರಲಿಲ್ಲ. ಆದ್ದರಿಂದಲೂ ಇಲ್ಲಿ ಹೀಗೆ ಹಬ್ಬಿತು.

1983ರಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಿದರು. ಹೆಸರು ಜೈಗೋಗ್ರಾಮ ಬೈಕಲರೇಟ. ನಮ್ಮ ಬೆಳೆಗಳನ್ನು ತಿನ್ನುತ್ತದೆಯೇ ಎಂದು ಮೊದಲು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆಲವು ವರ್ಷಗಳಲ್ಲಿ ಅದು ನಗರದ ಸುತ್ತ ಹರಡಿ, ಮಳೆಗಾಲದಲ್ಲಿ ಗಿಡಗಳನ್ನು ಬೋಳು ಮಾಡತೊಡಗಿತು. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿ ಎಲೆಯ ಮೇಲೂ ಕಂಡಿತು. ರೈತರಿಗೆ ಭಯವಾಯಿತು. ತನಿಖೆ ಮಾಡಿದಾಗ ಬೆಳೆಗೆ ದೊಡ್ಡ ಅಪಾಯ ಇಲ್ಲ ಎಂದು ತಿಳಿಯಿತು. ಪರದೇಶದ ಹುಳುವನ್ನು ತರುವಾಗ ಎಷ್ಟು ಎಚ್ಚರ ಬೇಕು ಅನ್ನೋದಕ್ಕೂ ಇದು ಪಾಠ.

ಈ ಜೀರುಂಡೆ ಕಾಂಗ್ರೆಸ್ ಗಿಡವನ್ನು ಪೂರ್ತಿ ಮುಗಿಸಿಲ್ಲ. ಚಳಿಗಾಲದ ಹೊತ್ತಿಗೆ ಅದು ಮಣ್ಣೊಳಗೆ ಮಲಗುತ್ತೆ, ಗಿಡ ಮತ್ತೆ ಚಿಗುರುತ್ತೆ. ಆದರೂ ಜೂನ್ ಮಳೆ ಬಿದ್ದ ಮೇಲೆ ಗಿಡದ ಎಲೆ ನೋಡಿ. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆ ಇರುವ, ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡ ಹುಳು ಕಂಡರೆ ಅದೇ ಇದು. ದಯವಿಟ್ಟು ಹೊಸಕಬೇಡಿ.

ಕಸ ತೆಗೆಯುವವರು, ಕಾವಲು ಕಾಯುವವರು

ಹಸು ಹಾಕಿದ ಸಗಣಿ ಹೊಲದಲ್ಲೇ ಬಿದ್ದಿದ್ದರೆ ಏನಾಗುತ್ತೆ? ಸಗಣಿ ಹುಳ ಬಂದು ಉಂಡೆ ಮಾಡಿ ಮಣ್ಣಿನಲ್ಲಿ ಹೂಳುತ್ತೆ. ಗೊಬ್ಬರ ಬೇರಿಗೆ ಸಿಗುತ್ತೆ, ನೊಣ ಕಡಿಮೆಯಾಗುತ್ತೆ. ಆಸ್ಟ್ರೇಲಿಯಾದಲ್ಲಿ ಏನಾಯಿತು ನೋಡಿ. ಅಲ್ಲಿನ ಹುಳುಗಳಿಗೆ ಕಾಂಗರೂ ಹಿಕ್ಕೆ ಗೊತ್ತಿತ್ತೇ ಹೊರತು ದನದ ಸಗಣಿ ಗೊತ್ತಿರಲಿಲ್ಲ. ಯೂರೋಪಿನವರು ದನ ತಂದ ಮೇಲೆ ಸಗಣಿ ಹಾಗೇ ಒಣಗಿ ಹುಲ್ಲು ಮುಚ್ಚಿತು, ನೊಣ ವಿಪರೀತವಾಯಿತು. ಕೊನೆಗೆ 1968ರಿಂದ ಹೊರದೇಶಗಳ ಸಗಣಿ ಹುಳುಗಳನ್ನು ತಂದು ಬಿಡಬೇಕಾಯಿತು. ನಮಗೆ ಅದು ಪುಕ್ಕಟೆ ಸಿಕ್ಕಿದೆ.

ಗೆದ್ದಲು ಮನೆಯ ತೊಲೆ ತಿಂದರೆ ನಷ್ಟ. ಆದರೆ ಹೊಲ, ಕಾಡಿನಲ್ಲಿ ಒಣಗಿದ ಮರ, ಎಲೆಗಳನ್ನು ಮಣ್ಣಿಗೆ ಸೇರಿಸುವುದೂ ಅದೇ. ಜೇಡ, ಗುಲಗಂಜಿ ಹುಳು, ಏರೋಪ್ಲೇನ್ ಚಿಟ್ಟೆ ಇವು ಕಾವಲುಗಾರರು. ಜಗತ್ತಿನ ಜೇಡಗಳೆಲ್ಲ ಸೇರಿ ವರ್ಷಕ್ಕೆ 40 ಕೋಟಿಯಿಂದ 80 ಕೋಟಿ ಟನ್ ಆಹಾರ, ಹೆಚ್ಚಾಗಿ ಕೀಟಗಳನ್ನೇ, ತಿನ್ನುತ್ತವೆ ಎಂದು 2017ರಲ್ಲಿ ಅಂದಾಜು ಮಾಡಿದ್ದಾರೆ. ಗುಬ್ಬಚ್ಚಿ ತಾನು ಕಾಳು ತಿಂದರೂ ಮರಿಗೆ ಹುಳುವನ್ನೇ ತಿನ್ನಿಸುತ್ತೆ. ಹುಳು ಇಲ್ಲದ ಊರಿನಲ್ಲಿ ಗುಬ್ಬಿ ಮರಿ ಬದುಕೋದು ಕಷ್ಟ.

ಕೆಟ್ಟವು ಇಲ್ಲವೇ?

ಇವೆ. ಸುಳ್ಳು ಹೇಳಬಾರದು. ಡೆಂಗ್ಯೂ ಹರಡುವ ಸೊಳ್ಳೆಯ ಕಾಲಿನಲ್ಲಿ ಬಿಳಿ ಪಟ್ಟೆ ಇರುತ್ತೆ. ಅದು ಹಗಲು ಕಚ್ಚುತ್ತೆ, ಡ್ರಮ್, ಟೈರು, ತೆಂಗಿನ ಚಿಪ್ಪಿನಲ್ಲಿ ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತೆ. ಕೊಳಚೆ ಸೇರಿದ ವೃಷಭಾವತಿಯಂಥ ನೀರಿನಲ್ಲಿ ಬೆಳೆಯುವುದು ಬೇರೆ ಜಾತಿಯ ಸೊಳ್ಳೆ. ಸೊಳ್ಳೆ ಮರಿ ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗೆ ಒಳ್ಳೆಯ ನೀರು ಬೇಕು. ಹೀಗಾಗಿ ನಾವು ಹೊಳೆ ಕೆಡಿಸಿದಾಗ ಕಳ್ಳ ಉಳಿದ, ಪೊಲೀಸ್ ಹೋದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಉಣ್ಣಿ.

ಇವನ್ನು ತಡೆಯಲೇಬೇಕು. ಆದರೆ ಯಾವ ಹುಳು, ಎಲ್ಲಿ ಬೆಳೆಯುತ್ತೆ ಅಂತ ಗೊತ್ತಿದ್ದರೆ ತಾನೇ ತಡೆಯೋದು? ಗೊತ್ತಿಲ್ಲದೆ ಎಲ್ಲದಕ್ಕೂ ಔಷಧಿ ಹೊಡೆದರೆ ಶತ್ರುವಿನ ಜೊತೆ ಕಾವಲುಗಾರನೂ ಸಾಯುತ್ತಾನೆ. ಬೆಳೆ ತಿನ್ನುವ ಹುಳು ಬೇಗ ಮರಿ ಹಾಕಿ ವಾಪಸ್ ಬರುತ್ತೆ, ಅದನ್ನು ತಿನ್ನುವ ಹುಳು ನಿಧಾನವಾಗಿ ಬರುತ್ತೆ. ಇಂಡೋನೇಷ್ಯಾದಲ್ಲಿ ಹೀಗೇ ಆಯಿತು. ಭತ್ತಕ್ಕೆ ಔಷಧಿ ಹೊಡೆದಷ್ಟೂ ಕಂದು ಜಿಗಿಹುಳು ಹೆಚ್ಚಾಯಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಬಗೆಯ ಕೀಟನಾಶಕಗಳ ಬಳಕೆಯನ್ನೇ ನಿಲ್ಲಿಸಿತು.

ನಾವು ಮಾಡಬಹುದಾದದ್ದು

1. ಕೊಲ್ಲುವ ಮೊದಲು ಹೆಸರು ಕೇಳಿ. ಗೊತ್ತಿಲ್ಲದಿದ್ದರೆ ಚಿತ್ರ ಬರೆದು ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.
2. ಮನೆಯಲ್ಲಿ ಔಷಧಿ ಹೊಡೆಯಲೇಬೇಕಾದರೆ ಹೂ ಬಿಟ್ಟ ಗಿಡಕ್ಕೆ ಬೆಳಗಿನ ಹೊತ್ತು ಬೇಡ ಅಂತ ಅಪ್ಪನಿಗೆ, ತಾತನಿಗೆ ಹೇಳಿ. ಆಗಲೇ ಜೇನು ಬರೋದು. ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ ಗಾಳಿಯಲ್ಲಿ ಹಾರದಂತೆ ಎಚ್ಚರ ಇರಲಿ. ನಮ್ಮ ಔಷಧಿಗೆ ಅವರ ಹುಳು ಸಾಯಬಾರದು.
3. ಹೆಜ್ಜೇನಿಗೆ ಕಲ್ಲು ಹೊಡೆಯಬೇಡಿ. ಕೆರಳಿದರೆ ಪ್ರಾಣಕ್ಕೇ ಅಪಾಯ. ವಿಜಯನಗರ, ರಾಜಾಜಿನಗರದ ನೆಂಟರ ಮನೆಯ ಟ್ಯಾಂಕಿನ ಕೆಳಗೆ ಕಟ್ಟಿದ್ದರೆ ಬೆಂಕಿ ಇಡಬೇಡಿ ಅನ್ನಿ. ಹೂವಿನ ಕಾಲ ಮುಗಿದ ಮೇಲೆ ಹೆಜ್ಜೇನು ತಾನಾಗೇ ಎದ್ದು ಹೋಗುತ್ತೆ. ಓಡಾಡುವ ಜಾಗದಲ್ಲಿದ್ದರೆ ತಿಳಿದವರನ್ನೇ ಕರೆಸಬೇಕು.
4. ಶಾಲೆಯ ಬೇಲಿಯ ಪಕ್ಕ ಹೊಂಗೆ, ತುಂಬೆ, ತುಳಸಿ ಬೆಳೆಸೋಣ. ಹೂವು ಇದ್ದಲ್ಲಿ ಹುಳು, ಹುಳು ಇದ್ದಲ್ಲಿ ಹಕ್ಕಿ.
5. ವಾರಕ್ಕೊಮ್ಮೆ ಡ್ರಮ್, ತೊಟ್ಟಿ ಖಾಲಿ ಮಾಡಿ ಉಜ್ಜಿ ಒಣಗಿಸಿ. ಇದು ಸೊಳ್ಳೆಯನ್ನು ಮಾತ್ರ ತಡೆಯುವ ಉಪಾಯ, ಬೇರೆ ಯಾರಿಗೂ ತೊಂದರೆ ಇಲ್ಲ.

ಯೋಚಿಸಿ, ಉತ್ತರಿಸಿ

1. ನಿಮ್ಮ ಮನೆಯ ನಿನ್ನೆಯ ಊಟದಲ್ಲಿ ಹುಳುಗಳ ನೆರವಿನಿಂದ ಬೆಳೆದದ್ದು ಯಾವುದು, ಇಲ್ಲದೆ ಬೆಳೆದದ್ದು ಯಾವುದು? ಪಟ್ಟಿ ಮಾಡಿ.
2. ಸೋರೆ ಹೂವು ಸಂಜೆ ಅರಳುತ್ತೆ, ಬಣ್ಣ ಬಿಳಿ. ಅದಕ್ಕೆ ಯಾವ ಹುಳು ಬರಬಹುದು? ಏಕೆ?
3. ಒಗಟು: ಕಾಲು ಎಂಟು, ಮಗ್ಗ ಇಲ್ಲ, ನೂಲು ಹೊಟ್ಟೇಲಿ, ನೇಯೋದು ಮೂಲೇಲಿ. ಯಾರು?

ಉತ್ತರ ಬರೆದ ಚೀಟಿಯನ್ನು ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ. ಸರಿ ಉತ್ತರಗಳು ಮುಂದಿನ ಸಂಚಿಕೆಯಲ್ಲಿ, ಇದೇ ಗೋಡೆಯ ಮೇಲೆ.

ಸಂಗ್ರಹ ಮತ್ತು ಬರಹ: ವಿಜ್ಞಾನ ಬಳಗ, 9ನೇ ತರಗತಿ